ತೂತು ಬಿದ್ದ ಹಳೆಯ ಪದ್ಮಿನಿ ಕಾರಿಗೆ ಮನೆಯಲ್ಲೇ ತಗಡು ಬಡಿಯಬಹುದಾ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ ಹಳ್ಳಿ. ಅಪ್ಪ ಓಡಿಸುತ್ತಿದ್ದ 1975ರ ಪ್ರೀಮಿಯರ್ ಪದ್ಮಿನಿ ಶೆಡ್ಡಿನಲ್ಲಿದೆ. ಇಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಎಡಗಡೆ ಬಾಗಿಲುಗಳ ಕೆಳಗಿನ ಅಂಚು, ಮುಂದಿನ ಮಡ್‌ಗಾರ್ಡಿನ ಕೆಳಭಾಗ, ಡ್ರೈವರ್ ಕಾಲಿಡುವ ಫ್ಲೋರ್ ಎಲ್ಲ ತುಕ್ಕು ತಿಂದು ತೂತಾಗಿವೆ. ಹೊಸ ಪ್ಯಾನಲ್ ಎಲ್ಲೂ ಸಿಗುತ್ತಿಲ್ಲ. ಗ್ಯಾರೇಜಿನಲ್ಲಿ ಪುಟ್ಟಿ ತುಂಬಿ ಪೇಂಟ್ ಹೊಡೆಯುತ್ತೇವೆ ಅನ್ನುತ್ತಾರೆ. ನಾನೇ ಮನೆಯಲ್ಲಿ ಪ್ಯಾನಲ್ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಮಾಡಬಹುದು. ಆದರೆ ಇಡೀ ಮಡ್‌ಗಾರ್ಡ್ ಮಾಡಲು ಹೋಗಬೇಡಿ. ಕೊಳೆತಿರುವಷ್ಟನ್ನು ಮಾತ್ರ ಮಾಡಿ.

ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ನೋಡಿ. ಎಲ್ಲವೂ ಕೆಳಗಿನ ಒಂದು ಗೇಣಿನೊಳಗೆ ಇದೆ ಅಲ್ವಾ? ನಮ್ಮ ಕಡೆ ಮಂಗಳೂರಿನ ಹಾಗೆ ಉಪ್ಪು ಗಾಳಿ ಇಲ್ಲ. ಹಾಗಾಗಿ ಇಲ್ಲಿನ ಕಾರುಗಳು ಮೈತುಂಬಾ ತುಕ್ಕು ಹಿಡಿಯುವುದು ಕಡಿಮೆ. ಗಾಜಿನ ಪಕ್ಕದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಲ್ಲಿಂದ ಮಳೆನೀರು ಬಾಗಿಲಿನೊಳಗೆ ಇಳಿಯುತ್ತದೆ. ನೀರು ಹೊರಹೋಗಲು ಕೆಳಗೆ ಬಿಟ್ಟಿರುವ ತೂತುಗಳು ಮಣ್ಣು ಕಟ್ಟಿ ಮುಚ್ಚಿಹೋಗಿರುತ್ತವೆ. ನಿಂತ ನೀರು ಒಳಗಿನಿಂದ ತಗಡನ್ನು ತಿನ್ನುತ್ತದೆ. ಇದರಲ್ಲಿ ನಿಮಗೆ ಒಂದು ಅನುಕೂಲವೂ ಇದೆ. ದೀಪದ ಸುತ್ತಲಿನ ಉಬ್ಬು, ಬಾನೆಟ್ಟಿನ ಮೂತಿಯಂಥ ಕಷ್ಟದ ಆಕಾರಗಳು ಹೆಚ್ಚಾಗಿ ಉಳಿದುಕೊಂಡಿರುತ್ತವೆ. ಹೋಗಿರುವುದು ಹೆಚ್ಚುಕಡಿಮೆ ಚಪ್ಪಟೆಯಾದ, ಒಂದು ಮಡಿಕೆ ಇರುವ ಜಾಗ. ಕೈಯಲ್ಲಿ ಮಾಡಲು ಅಷ್ಟೇ ಸುಲಭ.

ಪುಟ್ಟಿಯ ಮಾತಿಗೆ ಒಪ್ಪಬೇಡಿ. ಒಳ್ಳೆಯ ತಗಡಿನ ಮೇಲೆ ಒಂದೆರಡು ಮಿಲಿಮೀಟರ್ ಪುಟ್ಟಿ ತಪ್ಪಲ್ಲ. ತೂತಿಗೆ ತುಂಬಿದ ಪುಟ್ಟಿ ಮಾತ್ರ ಹಿಂದಿನಿಂದ ನೀರು ಹೀರುತ್ತದೆ, ತುಕ್ಕು ಅದರಡಿಯಲ್ಲೇ ಹಬ್ಬುತ್ತದೆ. ಅಪ್ಪನ ಕಾರಿಗೆ ಅದು ಬೇಡ.

ಮೊದಲು ತಗಡು. ಬಾಗಿಲು, ಮಡ್‌ಗಾರ್ಡಿಗೆ 20 ಗೇಜ್ ಸಿ.ಆರ್. ಶೀಟ್ (ತಣ್ಣಗೆ ಲಟ್ಟಿಸಿದ ನಯವಾದ ಉಕ್ಕಿನ ಹಾಳೆ) ಸಾಕು, ಅಂದರೆ ಸುಮಾರು 0.9 ಮಿಲಿಮೀಟರ್ ದಪ್ಪ. ಫ್ಲೋರಿಗೆ 18 ಗೇಜ್, ಸುಮಾರು 1.2 ಮಿಲಿಮೀಟರ್. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ಎಲ್ಲೇ ಇರಲಿ, ಕಬ್ಬಿಣದ ಬೀರು ಮಾಡುವವರನ್ನು ಹುಡುಕಿ. ಅವರು ಬಳಸುವುದೂ ಸಿ.ಆರ್. ಶೀಟನ್ನೇ. 8×4 ಅಡಿಯ 20 ಗೇಜ್ ಹಾಳೆ ಒಂದು 21 ಕಿಲೋ ತೂಗುತ್ತದೆ, ನಿಮಗೆ ಅಷ್ಟು ಬೇಡ. ಅವರಲ್ಲಿ ಉಳಿದ ತುಂಡುಗಳೇ ಬಾಗಿಲಿಗೆ ಸಾಲುತ್ತವೆ. ಉದ್ದದ ಮಡಿಕೆ ಬೇಕಿದ್ದರೆ ಅವರ ಮಡಚುವ ಯಂತ್ರದಲ್ಲೇ ಹಾಕಿಸಿಕೊಳ್ಳಿ. ಉಬ್ಬು ಇರುವ ಭಾಗಕ್ಕೆ ಡಿಡಿ ಅಥವಾ ಇಡಿಡಿ (ಡೀಪ್ ಡ್ರಾಯಿಂಗ್, ಎಕ್ಸ್‌ಟ್ರಾ ಡೀಪ್ ಡ್ರಾಯಿಂಗ್) ದರ್ಜೆಯ ಶೀಟ್ ಸಿಕ್ಕರೆ ಒಳ್ಳೆಯದು, ಮೆದುವಾಗಿರುತ್ತದೆ, ಏಟಿಗೆ ಬೇಗ ಸೀಳುವುದಿಲ್ಲ. ಸತು ಲೇಪಿಸಿದ ಜಿ.ಐ. ಶೀಟ್ ಮಾತ್ರ ಬೇಡ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಈಗ ಅಳತೆ. ನನ್ನ ಪ್ರಕಾರ ಅರ್ಧ ಕೆಲಸ ಇರುವುದು ಇಲ್ಲೇ. ಟೇಪು ಹಿಡಿದು ಅಳೆಯಬೇಡಿ, ಕಾಗದ ಹಚ್ಚಿ. ನಿಮ್ಮ ಎಡ ಬಾಗಿಲು ಹಾಳಾಗಿದೆ, ಬಲ ಬಾಗಿಲು ಚೆನ್ನಾಗಿದೆ. ಬಲ ಬಾಗಿಲಿನ ಕೆಳಭಾಗಕ್ಕೆ ದಪ್ಪ ಖಾಕಿ ಕಾಗದವನ್ನು ಆಯಸ್ಕಾಂತದಿಂದ ಹಿಡಿಸಿ, ಅಂಚುಗಳನ್ನು ಬೆರಳಲ್ಲಿ ಒತ್ತಿ ಗುರುತು ಮಾಡಿಕೊಳ್ಳಿ. ಆಮೇಲೆ ಕಾಗದವನ್ನು ಮಗುಚಿ ಹಾಕಿದರೆ ಎಡ ಬಾಗಿಲಿನ ಅಚ್ಚು ಸಿದ್ಧ.

ಕಾಗದ ಇನ್ನೊಂದು ವಿಷಯವನ್ನೂ ತೋರಿಸಿಕೊಡುತ್ತದೆ. ಮಡ್‌ಗಾರ್ಡಿನ ಉಬ್ಬಿಗೆ ಹಚ್ಚಿದಾಗ ಕೆಲವು ಕಡೆ ಅದು ನೆರಿಗೆ ಕಟ್ಟುತ್ತದೆ. ಅಲ್ಲಿ ತಗಡು ಕುಗ್ಗಬೇಕು. ಕೆಲವು ಕಡೆ ಕಾಗದವನ್ನು ಸೀಳದಿದ್ದರೆ ಕೂರುವುದೇ ಇಲ್ಲ, ಸೀಳಿದರೆ ಬಾಯಿ ಬಿಡುತ್ತದೆ. ಅಲ್ಲಿ ತಗಡು ಹಿಗ್ಗಬೇಕು. ಆ ಜಾಗಗಳನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಅನ್ನುವ ನಕ್ಷೆ ನಿಮ್ಮ ಕೈಯಲ್ಲೇ ಇರುತ್ತದೆ.

ಹಿಗ್ಗಿಸುವುದು ಸುಲಭ. ದಪ್ಪ ಚರ್ಮದ ಚೀಲಕ್ಕೆ ಜರಡಿ ಹಿಡಿದ ಮರಳು ತುಂಬಿ, ತಗಡನ್ನು ಅದರ ಮೇಲಿಟ್ಟು ಮರದ ಕೊಡತಿಯ ದುಂಡು ತುದಿಯಲ್ಲಿ ಬಡಿಯಿರಿ. ಚಪಾತಿ ಲಟ್ಟಿಸಿದ ಹಾಗೆ ತಗಡು ತೆಳುವಾಗುತ್ತಾ ಅಗಲವಾಗುತ್ತದೆ, ಹೋಗಲು ಜಾಗವಿಲ್ಲದೆ ಉಬ್ಬುತ್ತದೆ. ಚೀಲ ಇಲ್ಲದಿದ್ದರೆ ಹುಣಸೆ ಕೊರಡಿನಲ್ಲಿ ಬಟ್ಟಲಿನಷ್ಟು ಹಳ್ಳ ಕೆತ್ತಿದರೂ ಆಯಿತು. ಕುಗ್ಗಿಸುವುದಕ್ಕೆ ತಾಳ್ಮೆ ಜಾಸ್ತಿ ಬೇಕು. ಅಂಚಿನಲ್ಲಿ ಇಕ್ಕಳದಿಂದ ಒಂದು ನೆರಿಗೆ ಎಬ್ಬಿಸಿ. ಅದರ ಬಾಯಿ ಬಿಚ್ಚದಂತೆ ಹಿಡಿದುಕೊಂಡು, ನೆರಿಗೆಯ ಒಳತುದಿಯಿಂದ ಅಂಚಿನ ಕಡೆಗೆ ಸಣ್ಣ ಏಟು ಹಾಕುತ್ತಾ ಬನ್ನಿ. ನೆರಿಗೆ ತನ್ನೊಳಗೇ ಅದುಮಿಕೊಂಡು ಅಲ್ಲಿನ ತಗಡು ದಪ್ಪವಾಗುತ್ತದೆ. ನೆರಿಗೆ ಒಂದರ ಮೇಲೊಂದು ಮಡಚಿಕೊಳ್ಳಲು ಬಿಡಬೇಡಿ, ಸೀಳು ಬರುತ್ತದೆ.

ಪದ್ಮಿನಿ ತಯಾರಾಗುತ್ತಿದ್ದ ಮುಂಬೈ ಕುರ್ಲಾದ ಕಾರ್ಖಾನೆಯ ದೊಡ್ಡ ಪ್ರೆಸ್ಸುಗಳು ಒತ್ತಿದ ಆಕಾರವನ್ನೇ ನೀವು ಕೊಡತಿಯಲ್ಲಿ ತರುತ್ತೀರಿ. ಈ ಕಾರಿಗೂ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೂ ಒಂದು ನಂಟು ಇದೆ, ಹೇಳದೆ ಮುಂದೆ ಹೋಗಲಾರೆ. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಿಡಿದು ಓಡಾಡಿದವರು ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು. ಆ ಪ್ರಯತ್ನದಲ್ಲಿ ಜೊತೆಯಾಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಕಂಪನಿಯೇ ಪ್ರೀಮಿಯರ್. 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಇದೇ ಕಾರಿಗೆ 1974ರಲ್ಲಿ ಪದ್ಮಿನಿ ಅಂತ ಹೆಸರಾಯಿತು.

ಬಾಗಿಲಿಗೆ ಬರೋಣ. ಹೊರಗಿನ ತಗಡು ಕೆಳಗೆ ಒಳಚೌಕಟ್ಟನ್ನು ಸುತ್ತಿ ಮಡಚಿರುತ್ತದೆ. ಆ ಮಡಿಕೆಗೆ 12 ಮಿಲಿಮೀಟರ್ ಜಾಸ್ತಿ ಬಿಟ್ಟು ತಗಡು ಕತ್ತರಿಸಿ. ಎರಡು ಕಬ್ಬಿಣದ ಆಂಗಲ್‌ಗಳ ನಡುವೆ ತಗಡಿಟ್ಟು ವೈಸಿನಲ್ಲಿ ಬಿಗಿದು, ಕೊಡತಿಯಲ್ಲಿ ನೇರ ಕೋನಕ್ಕೆ ಬಗ್ಗಿಸಿ. ಒಂದೇ ಜಾಗಕ್ಕೆ ಜೋರಾಗಿ ಬಡಿಯದೆ ಉದ್ದಕ್ಕೂ ಸ್ವಲ್ಪ ಸ್ವಲ್ಪ ಬಗ್ಗಿಸುತ್ತಾ ಹೋಗಿ. ತುಂಡು ಸಿದ್ಧವಾದ ಮೇಲೆಯೇ ಹಳೆಯದನ್ನು ಕತ್ತರಿಸಿ, ಮುಂಚೆ ಬೇಡ. ಹೊಸ ತುಂಡನ್ನು ಮೇಲಿಟ್ಟು ಗೀಟು ಎಳೆದು, ಹೊಳೆಯುವ ಒಳ್ಳೆಯ ತಗಡು ಸಿಗುವವರೆಗೂ ಕತ್ತರಿಸಬೇಕು. ಕೊನೆಯ ಮಡಿಕೆ ಮುಚ್ಚುವಾಗ ಹೊರಗಡೆ ಡಾಲಿ (ಏಟಿಗೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಏಟಿನ ಗುರುತು ಮುಂದೆ ಎದ್ದು ಕಾಣುತ್ತದೆ.

ವೆಲ್ಡಿಂಗ್‌ಗೆ ಗ್ರಿಲ್ ಮಾಡುವ ಕಡ್ಡಿ ಮೆಷಿನ್ ಬೇಡ, ಈ ತಗಡನ್ನು ಅದು ಸುಟ್ಟು ತೂತು ಮಾಡುತ್ತದೆ. ತಂತಿ ತಾನೇ ಹರಿದುಬರುವ ಸಣ್ಣ ಮಿಗ್ ಮೆಷಿನ್, 0.8 ಮಿಲಿಮೀಟರ್ ತಂತಿ, ಮಿಗ್ ವೆಲ್ಡಿಂಗ್‌ಗೆ ಬಳಸುವ ಗ್ಯಾಸಿನ (ಅಡುಗೆ ಗ್ಯಾಸ್ ಅಲ್ಲ) ಸಿಲಿಂಡರ್ ಬೇಕು. ಉದ್ದಕ್ಕೆ ಗೆರೆ ಎಳೆದ ಹಾಗೆ ವೆಲ್ಡ್ ಮಾಡಬೇಡಿ. ಅಂಗುಲಕ್ಕೊಂದು ಚುಕ್ಕೆ ಹಾಕಿ, ಕೈಯಿಟ್ಟರೆ ಬಿಸಿ ತಾಕದಷ್ಟು ಆರಲು ಬಿಟ್ಟು, ಆಮೇಲೆ ನಡುವಿನ ಚುಕ್ಕೆ. ಆರುವಾಗ ವೆಲ್ಡ್ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಬಾಗಿಲು ಡೊಂಕಾಗುವುದು ಇದರಿಂದಲೇ. ಪ್ರತಿ ಚುಕ್ಕೆಯ ಹಿಂದೆ ಡಾಲಿ ಇಟ್ಟು ಮುಂದಿನಿಂದ ಸಣ್ಣಗೆ ಬಡಿದರೆ ಕುಗ್ಗಿದ್ದು ಮತ್ತೆ ಹಿಗ್ಗುತ್ತದೆ. ನಿಮ್ಮೂರಲ್ಲಿ ಗ್ಯಾಸ್ ವೆಲ್ಡಿಂಗ್ ಬಲ್ಲ ಹಳೆಯ ಟಿಂಕರಿಂಗ್ ಮೇಸ್ತ್ರಿ ಇದ್ದರೆ ಈ ಒಂದು ಕೆಲಸ ಅವರಿಗೆ ಕೊಡಿ, ಪಕ್ಕದಲ್ಲೇ ನಿಂತು ನೋಡಿ.

ಬೆಂಕಿಯ ವಿಷಯದಲ್ಲಿ ನನಗೆ ಭಯ ಜಾಸ್ತಿ. ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದಲೇ ತೆಗೆದು ದೂರ ಇಡಿ. ಖಾಲಿ ಇದೆ ಅಂತ ಸುಮ್ನೆ ಬಿಡಬೇಡಿ, ಆವಿ ಸಾಕು. ಸೀಟು, ಮ್ಯಾಟು, ಫ್ಲೋರಿಗೆ ಅಂಟಿರುವ ಡಾಂಬರು ಎಲ್ಲ ಕೆರೆದು ತೆಗೆಯಿರಿ. ನೀವು ಮುಖವಾಡದೊಳಗೆ ಇರುವಾಗ ಇನ್ನೊಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನೋಡುತ್ತಿರಬೇಕು.

ಬಾಗಿಲ ಕೆಳಗೆ ಕಾರಿನ ಉದ್ದಕ್ಕೂ ಹೋಗುವ ಸಿಲ್ ಕೂಡ ಕೊಳೆತಿದ್ದರೆ ಅಲ್ಲಿ ನಿಲ್ಲಿ. ಪದ್ಮಿನಿಗೆ ಲಾರಿಯ ಹಾಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಸಿಲ್ ಕತ್ತರಿಸಿದರೆ ಕಾರು ನಡುವಲ್ಲಿ ಕುಸಿದು ಬಾಗಿಲುಗಳು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಬಾಗಿಲ ಜಾಗಕ್ಕೆ ಚೌಕ ಪೈಪಿನ ಆಧಾರ ವೆಲ್ಡ್ ಮಾಡಿ, ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ ಮಾಡುವ ಕೆಲಸ ಅದು. ಅನುಭವಿಗಳು ಜೊತೆಗಿರಲಿ. ಫ್ಲೋರ್ ಅಷ್ಟು ಕಷ್ಟವಲ್ಲ, ಕಾಣದ ಜಾಗ ಬೇರೆ. ಹಾಗಾಗಿ ಮೊದಲ ವೆಲ್ಡಿಂಗ್ ಅಲ್ಲೇ ಮಾಡಿ.

ಮುಗಿದ ಮೇಲೆ ಹೊರಗೆ ಎಪಾಕ್ಸಿ ಪ್ರೈಮರ್, ಕೂಡುಗಳಿಗೆ ಸೀಲರ್, ಒಳಗೆ ಮೇಣದ ಸ್ಪ್ರೇ. ಗಾಜಿನ ರಬ್ಬರ್ ಬದಲಿಸಿ. ನೀರಿನ ತೂತುಗಳನ್ನು ಸೀಲರ್ ಮುಚ್ಚದಂತೆ ನೋಡಿಕೊಳ್ಳಿ.

ಕಾಗದಪತ್ರದ ಮಾತೂ ಇದೆ. ನಿಮ್ಮ ಕಾರಿಗೆ 50 ವರ್ಷ ತುಂಬಿದೆ. 2021ರ ಕೇಂದ್ರದ ನಿಯಮದಂತೆ ಅದನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಆಮೇಲೆ ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಚಾಸಿಸ್, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು ಅನ್ನುವುದು ಅದರ ಷರತ್ತು. ಅದಕ್ಕೇ ಹೊಸ ಆಕಾರ, ಅಗಲದ ಮಡ್‌ಗಾರ್ಡ್ ಅಂತೆಲ್ಲ ಆಸೆಪಡದೆ, ಇದ್ದದ್ದನ್ನು ಇದ್ದ ಹಾಗೆ ಮಾಡಿ. ಕತ್ತರಿಸುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆದಿಡಿ. ಚಾಸಿಸ್ ನಂಬರ್ ಹೊಡೆದಿರುವ ತಗಡಿಗೆ ಕತ್ತರಿ, ಗ್ರೈಂಡರ್ ಯಾವುದನ್ನೂ ತಾಗಿಸಬೇಡಿ.