ಸ್ಟ್ರೋಕ್: ಗಂಡಸರಿಗೆ ಜಾಸ್ತಿಯಾ, ಹೆಂಗಸರಿಗೆ ಜಾಸ್ತಿಯಾ?

ಮುಂಬಯಿಯಲ್ಲಿ ನರ್ಸಿಂಗ್, ಫಿಸಿಯೋಥೆರಪಿ ಓದುತ್ತಿರುವ ನಮ್ಮ ಕನ್ನಡದ ಗೆಳೆಯರಿಗಾಗಿ ಈ ಟಿಪ್ಪಣಿ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಇಸ್ಕೀಮಿಕ್ ಸ್ಟ್ರೋಕ್, ಒಡೆದರೆ ಹೆಮರೇಜಿಕ್ ಸ್ಟ್ರೋಕ್. ಇದು ಎಲ್ಲರಿಗೂ ಗೊತ್ತು, ಮುಂದೆ ಹೋಗೋಣ.

ತಲೆ ತಿನ್ನುವುದು ಈ ಎರಡು ವಾಕ್ಯ. ನಡುವಯಸ್ಸಿನಲ್ಲಿ ಸ್ಟ್ರೋಕ್ ಗಂಡಸರಿಗೆ ಜಾಸ್ತಿ. ಆದರೆ ಇಡೀ ಜೀವಮಾನ ಹಿಡಿದರೆ ಹೆಂಗಸರಿಗೆ ಜಾಸ್ತಿ. ಎರಡೂ ನಿಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ, 55 ವರ್ಷದವರೆಗೆ ಸ್ಟ್ರೋಕ್ ಆಗದವರನ್ನು ನೋಡಿದರೆ, ಅಲ್ಲಿಂದ ಮುಂದೆ ಹೆಂಗಸರಲ್ಲಿ ಸುಮಾರು 5ಕ್ಕೆ ಒಬ್ಬರಿಗೆ, ಗಂಡಸರಲ್ಲಿ 6ಕ್ಕೆ ಒಬ್ಬರಿಗೆ ಆಗುವ ಸಾಧ್ಯತೆ ಕಂಡಿತು.

ಹೇಗೆ ಅಂತ ನೋಡಲು ಒಂದು ಲೆಕ್ಕ. ಅಂಕಿಗಳು ಸುಮ್ನೆ ನಾನು ಹಾಕಿಕೊಂಡವು, ನಿಜವಾದವಲ್ಲ. 65ರ ವಯಸ್ಸಿನ 100 ಗಂಡಸರು, 100 ಹೆಂಗಸರು. ಮೊದಲ ಹತ್ತು ವರ್ಷದಲ್ಲಿ ಗಂಡಸರಲ್ಲಿ 100ಕ್ಕೆ 10, ಹೆಂಗಸರಲ್ಲಿ 100ಕ್ಕೆ 8 ಸ್ಟ್ರೋಕ್. ಗಂಡಸರೇ ಮುಂದೆ. ಈಗ 80 ದಾಟಿದವರಿಗೆ ಬನ್ನಿ. ಬದುಕಿರುವ ಗಂಡಸರು 30, ಹೆಂಗಸರು 50. ಇಲ್ಲಿಯೂ ಗಂಡಸರ ದರ ಜಾಸ್ತಿ ಅಂತಲೇ ಇಟ್ಟುಕೊಳ್ಳಿ: ಗಂಡಸರಿಗೆ 100ಕ್ಕೆ 20, ಹೆಂಗಸರಿಗೆ 18. ಆದರೂ 30 ಗಂಡಸರಲ್ಲಿ 6 ಮಂದಿ, 50 ಹೆಂಗಸರಲ್ಲಿ 9 ಮಂದಿ. ಕೂಡಿಸಿ. ಗಂಡಸರು 16, ಹೆಂಗಸರು 17. ಎರಡೂ ಹಂತದಲ್ಲಿ ದರ ಕಡಿಮೆ ಇದ್ದವರೇ ಮೊತ್ತದಲ್ಲಿ ಮುಂದೆ ಬಂದರು, ಅಲ್ವಾ? ಸ್ಟ್ರೋಕ್ ಜಾಸ್ತಿಯಾಗುವ ವಯಸ್ಸಿಗೆ ತಲುಪುವವರಲ್ಲಿ ಹೆಂಗಸರೇ ಹೆಚ್ಚು, ಇದೇ ಮುಖ್ಯ ಕಾರಣ.

ನಾನು ನೆನಪಿಟ್ಟುಕೊಂಡಿರುವುದು ಹೀಗೆ: ದರ ಅಂದರೆ ಆ ವಯಸ್ಸಿನಲ್ಲಿ ಬದುಕಿ ಉಳಿದವರಲ್ಲಿ ಎಷ್ಟು, ಜೀವಮಾನ ಅಂದರೆ ಶುರುವಿನಲ್ಲಿದ್ದ ಎಲ್ಲರಲ್ಲಿ ಎಷ್ಟು. ಪ್ರಶ್ನೆಪತ್ರಿಕೆಯಲ್ಲಿ ಯಾವುದೇ ಶೇಕಡಾ ಕಂಡರೂ ಮೊದಲು ಯಾವ ಸಂಖ್ಯೆಯಿಂದ ಭಾಗಿಸಿದ್ದಾರೆ ಅಂತ ಹುಡುಕಿ. ಸ್ಟ್ರೋಕ್ ನಂತರ ಹೆಂಗಸರು ಚೇತರಿಸಿಕೊಳ್ಳುವುದು ಕಡಿಮೆ ಅನ್ನುವ ಮಾತಿಗೂ ಇದೇ ಎಚ್ಚರ ಬೇಕು. ಅವರಿಗೆ ಸ್ಟ್ರೋಕ್ ಬರುವಾಗಲೇ ವಯಸ್ಸು ಜಾಸ್ತಿ, ಎಷ್ಟೋ ಜನ ಗಂಡನನ್ನು ಕಳೆದುಕೊಂಡು ಒಬ್ಬರೇ ಇರುತ್ತಾರೆ. ವಯಸ್ಸು ಸರಿಹೊಂದಿಸಿ, ಅಂದರೆ ಒಂದೇ ವಯಸ್ಸಿನವರನ್ನು ಹೋಲಿಸಿ ನೋಡಿದರೆ ಅಂತರ ಸಾಕಷ್ಟು ಕಿರಿದಾಗುತ್ತದೆ.

ಹೆಂಗಸರಿಗೆ ಮಾತ್ರ ಇರುವ ಕಾರಣಗಳು: ಬಸಿರಿನಲ್ಲಿ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ (ಇದು ಮುಂದಿನ ವರ್ಷಗಳಲ್ಲೂ ಅಪಾಯ ಹೆಚ್ಚಿಸುತ್ತದೆ), ಹೆರಿಗೆಯ ನಂತರದ ವಾರಗಳು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ. ಔರಾ (ತಲೆನೋವಿಗೆ ಮುಂಚೆ ಕಣ್ಣಿಗೆ ಮಿಂಚು, ಅಂಕುಡೊಂಕು ಗೆರೆ ಕಾಣುವಂಥದ್ದು) ಇರುವ ಮೈಗ್ರೇನ್ ಜೊತೆಗೆ ಸಿಗರೇಟು, ಈ ಮಾತ್ರೆ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಬಾಣಂತಿಗೆ ಬಿಡದ ತಲೆನೋವು, ಫಿಟ್ಸ್ ಬಂದರೆ ಮಿದುಳಿನ ವೇನ್‌ನಲ್ಲಿ (ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದಲ್ಲಿ) ರಕ್ತ ಹೆಪ್ಪುಗಟ್ಟಿರಬಹುದು. ನಿದ್ದೆಗೆಟ್ಟಿದ್ದಕ್ಕೆ ತಲೆನೋವು ಅಂತ ಮನೆಯವರು ಹೇಳಿದರೂ ಬಿಡಬೇಡಿ.

ಲಕ್ಷಣಗಳು ಇಬ್ಬರಿಗೂ ಮುಖ್ಯವಾಗಿ ಒಂದೇ: ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು. ಹೆಂಗಸರಲ್ಲಿ ಇವುಗಳ ಜೊತೆ ಗೊಂದಲ, ವಿಪರೀತ ಸುಸ್ತು ಹೆಚ್ಚಾಗಿ ಕಾಣಬಹುದು. ಅದಕ್ಕೇ ಗುರುತಿಸುವುದು ತಡವಾಗುತ್ತದೆ. ತಡವಾದರೆ ನಷ್ಟ ದೊಡ್ಡದು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಎಣಿಕೆ ಶುರುವಾಗುವುದು ರೋಗಿ ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ ಹೊತ್ತಿನಿಂದ, ಬಿದ್ದದ್ದನ್ನು ಕಂಡ ಹೊತ್ತಿನಿಂದಲ್ಲ.

ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಯಾವಾಗ? ಮುಂಬಯಿಯಲ್ಲಿ ಈ ಪ್ರಶ್ನೆ ಕಷ್ಟ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಅಜ್ಜಿ ಒಬ್ಬರೇ, ಮಗ ಸೊಸೆ ಬೆಳಗಿನ ಲೋಕಲ್ ಹಿಡಿದು ಹೋದವರು ಬರುವುದು ರಾತ್ರಿ. ಆಗ ಕೆಲಸದವಳನ್ನು ಕೇಳಿ, ಪಕ್ಕದ ಮನೆಯವರನ್ನು ಕೇಳಿ, ಅಜ್ಜಿ ಕೊನೆಯದಾಗಿ ಫೋನಿನಲ್ಲಿ ಮಾತಾಡಿದ ಹೊತ್ತು ನೋಡಿ. ಮನೆಯವರಿಗೆ ಮೊದಲು ಹೇಳಬೇಕಾದ್ದು 108ಕ್ಕೆ ಕರೆ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ ಅಂತ. ಸ್ಕ್ಯಾನ್ ಆಗುವ ಮುಂಚೆ ಆಸ್ಪಿರಿನ್ ಬೇಡ, ರಕ್ತಸ್ರಾವ ಆಗಿದ್ದರೆ ಅಪಾಯ.

ಇನ್ನೊಂದು, ಪರೀಕ್ಷೆಗೆ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯ ತಾಳ ತಪ್ಪಿ ಬಡಿಯುವ ಒಂದು ತೊಂದರೆ) ಇದ್ದವರ ಸ್ಟ್ರೋಕ್ ಅಪಾಯ ಅಳೆಯುವ ಚಾಡ್ಸ್-ವಾಸ್ಕ್ ಸ್ಕೋರಿನಲ್ಲಿ ಹೆಣ್ಣಾಗಿದ್ದರೆ 1 ಅಂಕ ಇದೆ. 2024ರ ಯುರೋಪಿನ ಮಾರ್ಗಸೂಚಿ ಆ ಅಂಕವನ್ನು ಕೈಬಿಟ್ಟಿದೆ. ನಿಮ್ಮ ಪುಸ್ತಕ ಅದಕ್ಕೂ ಹಳೆಯದಾದರೆ ಅಲ್ಲಿ ಹಳೆಯ ಸ್ಕೋರೇ ಇರುತ್ತದೆ.