ರೇಖಾಚಿತ್ರದ ಸೊಂಟ, ಮೈಮೇಲಿನ ಸೊಂಟ

1940-50ರ ದಶಕದ ಪ್ಯಾರಿಸ್ ಸೂಟುಗಳ ರೇಖಾಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ‘ನನಗೂ ಹೀಗೇ ಹೊಲಿದುಕೊಡಿ’ ಎಂದು ಕೇಳುವ ಹೆಣ್ಣುಮಕ್ಕಳು ನಮ್ಮ ಹೊಲಿಗೆಮನೆಗೆ ಆಗಾಗ ಬರುತ್ತಾರೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಬಯಸುವವರನ್ನು ಕಂಡರೆ ನನಗೆ ಪ್ರೀತಿ. ಆದರೆ ಮೊದಲ ಟ್ರಯಲ್‌ನಲ್ಲಿ ಕನ್ನಡಿಯ ಮುಂದೆ ನಿಂತೊಡನೆ ಬರುವ ‘ಸೊಂಟ ಇನ್ನೂ ಸ್ವಲ್ಪ ಟೈಟ್ ಮಾಡಿ ಮೇಡಂ’ ಎಂಬ ಒಂದು ಮಾತು ಮಾತ್ರ ನನ್ನ ತಾಳ್ಮೆಯನ್ನು ಕೆಡಿಸುತ್ತದೆ.

ಅವರು ತೋರಿಸುವ ಚಿತ್ರ ಹೆಚ್ಚಾಗಿ ಫ್ರೆಂಚ್ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೊರ್ ಅವರ ‘ಬಾರ್’ ಸೂಟಿನದು, ಇಲ್ಲವೇ ಅದರ ನೆರಳಿನಲ್ಲಿ ಹುಟ್ಟಿದ್ದು. 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನ ಅವೆನ್ಯೂ ಮೊಂಟೇನ್‌ನಲ್ಲಿ ಅವರು ತಮ್ಮ ಮೊದಲ ಸಂಗ್ರಹವನ್ನು ತೋರಿಸಿದಾಗ ಈ ಸೂಟು ಅದರಲ್ಲಿತ್ತು: ಕೆನೆಬಣ್ಣದ ಶಾಂಟುಂಗ್ ರೇಷ್ಮೆಯ ಜಾಕೆಟ್, ಮೀನಖಂಡದವರೆಗೆ ಇಳಿಯುವ ನೆರಿಗೆಯ ಕಪ್ಪು ಉಣ್ಣೆಯ ಸ್ಕರ್ಟು. ಹಾರ್ಪರ್ಸ್ ಬಜಾರ್ ಪತ್ರಿಕೆಯ ಸಂಪಾದಕಿ ಕಾರ್ಮೆಲ್ ಸ್ನೋ ಅವರ ಮಾತಿನಿಂದ ಆ ಸಂಗ್ರಹಕ್ಕೆ ‘ನ್ಯೂ ಲುಕ್’ ಎಂಬ ಹೆಸರು ನಿಂತಿತು. ಯುದ್ಧಕಾಲದ ಉಡುಪಿನಲ್ಲಿ ಭುಜಕ್ಕೆ ಪ್ಯಾಡು ತುಂಬಿ ಚೌಕವಾಗಿಸುತ್ತಿದ್ದರು. ಬಟ್ಟೆಗೆ ರೇಷನ್ ಇದ್ದುದರಿಂದ ಸ್ಕರ್ಟು ಮೊಟಕಾಗಿತ್ತು. ಡಿಯೊರ್ ಭುಜವನ್ನು ಇಳಿಜಾರಾಗಿಸಿ, ಜಾಕೆಟ್ಟಿನ ಹಿಪ್ ಭಾಗಕ್ಕೆ ಒಳಗಿನಿಂದ ಪ್ಯಾಡು ಕೊಟ್ಟರು. ಭುಜದ ಮೇಲಿದ್ದ ಪ್ಯಾಡು ಸೊಂಟದ ಕೆಳಕ್ಕೆ ಇಳಿಯಿತೆಂದರೂ ನಡೆದೀತು.

ನಾನು ಪದೇ ಪದೇ ಹೇಳಬೇಕಾಗಿ ಬರುವ ಮಾತು ಇಲ್ಲಿದೆ. ಚಿತ್ರದ ಸೊಂಟ ಸಣ್ಣದಾಗಿ ಕಾಣುವುದು ಮುಖ್ಯವಾಗಿ ಅದರ ಕೆಳಗಿನ ಭಾಗ ಉಬ್ಬಿರುವುದರಿಂದ. ಟೇಪು ಹಿಡಿದು ಲೆಕ್ಕ ಹಾಕೋಣ. ಸೊಂಟದ ಸುತ್ತಳತೆಯಲ್ಲಿ ನಾನು ಒಂದು ಇಂಚು ಹಿಡಿದರೆ, ಆ ಇಂಚು ಸುತ್ತಲೂ ಹಂಚಿಹೋಗಿ, ಎದುರಿನಿಂದ ನೋಡುವವರ ಕಣ್ಣಿಗೆ ಅಗಲ ಕಡಿಮೆಯಾಗುವುದು ಸುಮಾರು ಮೂರನೆಯ ಒಂದು ಭಾಗ ಇಂಚು ಮಾತ್ರ. ಅದರ ಬದಲು ಎರಡೂ ಪಕ್ಕದ ಹಿಪ್‌ನಲ್ಲಿ ಅರ್ಧರ್ಧ ಇಂಚು ಪ್ಯಾಡು ಕೊಟ್ಟರೆ ಇಡೀ ಒಂದು ಇಂಚಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಉಸಿರೂ ಸಲೀಸಾಗಿರುತ್ತದೆ. ಹಿಡಿಯುತ್ತಲೇ ಹೋದರೆ ಗುಂಡಿಯ ಕಾಜ ಎಳೆದುಕೊಂಡು, ಸೊಂಟದಲ್ಲಿ ಅಡ್ಡ ಸುಕ್ಕು ಬಿದ್ದು, ಬೆನ್ನಿನ ಬಟ್ಟೆ ಮೇಲಕ್ಕೇರುತ್ತದೆ. ಅಲ್ಲದೆ, ಫ್ಯಾಷನ್ ರೇಖಾಚಿತ್ರದ ಹೆಣ್ಣು ಸಾಮಾನ್ಯವಾಗಿ ಒಂಬತ್ತು ತಲೆಯ, ಅಂದರೆ ತನ್ನ ತಲೆಯ ಉದ್ದದ ಒಂಬತ್ತು ಪಟ್ಟು, ಎತ್ತರದವಳು. ನಾವು ನೀವು ಏಳೂವರೆ ತಲೆಯವರು. ಆ ಹೆಚ್ಚಿನ ಉದ್ದವನ್ನು ಕಲಾವಿದರು ಬಹುಪಾಲು ಕಾಲಿಗೇ ಕೊಡುತ್ತಾರೆ. ಅದನ್ನು ಯಾವ ಹೊಲಿಗೆಯೂ ತಂದುಕೊಡಲಾರದು.

ಒಮ್ಮೆ ತಾಯಿ-ಮಗಳು ಬಂದಿದ್ದರು, ಮಗಳ ರಿಸೆಪ್ಷನ್ನಿಗೆ ರಾ ಸಿಲ್ಕಿನ ಜಾಕೆಟ್ ಬೇಕಿತ್ತು. ಕೋರಾ ಬಟ್ಟೆಯ ಟ್ರಯಲ್ ಪೀಸನ್ನು ಎರಡು ಸಲ ಹಿಡಿಸಿದ ತಾಯಿ ಮೂರನೆಯ ಸಲವೂ ಟೈಟ್ ಮಾಡಿ ಎಂದರು. ಹುಡುಗಿ ಸ್ಟೂಲಿನ ಮೇಲೆ ಕೂರಲಾರದೆ ಮೇಜಿಗೆ ಕೈಯೂರಿ ನಿಂತಿದ್ದಳು. ನಾನು ಪಕ್ಕದ ಹೊಲಿಗೆಯನ್ನು ಅರ್ಧ ಇಂಚು ಬಿಚ್ಚಿ, ಹತ್ತಿಯ ಪದರಗಳನ್ನು ಅಂಚಿಗೆ ತೆಳ್ಳಗಾಗುವಂತೆ ಬಿಡಿಸಿ, ಜಾಕೆಟ್ಟಿನಲ್ಲಿ ಸೊಂಟದ ಕೆಳಗೆ ಅರಳಿ ನಿಲ್ಲುವ ಭಾಗವಾದ ಪೆಪ್ಲಂನ ಒಳಗೆ ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿದೆ. ತಾಯಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ‘ಈಗ ಸರಿಯಾಯಿತು ನೋಡಿ, ಎಷ್ಟು ಹಿಡಿದಿರಿ?’ ಎಂದು ಕೇಳಿದರು. ಬಿಚ್ಚಿದ ದಾರವನ್ನು ಅವರ ಅಂಗೈಗೆ ಇಟ್ಟೆ. ಮಗಳು ಅಷ್ಟರಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು.

ಇದು ಎಲ್ಲರಿಗೂ ಒಪ್ಪುತ್ತದೆಂದು ನಾನು ಹೇಳಲಾರೆ. ಆ ಕಾಲದಲ್ಲೂ ಅನೇಕರು ಒಳಗೆ ಸೊಂಟ ಬಿಗಿಯುವ ಪಟ್ಟಿಯೊಂದನ್ನು ಧರಿಸುತ್ತಿದ್ದರು. ಆದರೆ ಬಿಗಿತವನ್ನು ಆ ಪಟ್ಟಿ ಹೊರುತ್ತಿತ್ತು, ಜಾಕೆಟ್ ಅದರ ಮೇಲೆ ನಿರಾಳವಾಗಿ ಕೂರುತ್ತಿತ್ತು. ಹಿಪ್ ಮೊದಲೇ ತುಂಬಿಕೊಂಡಿರುವವರಿಗೆ ಪ್ಯಾಡು ಬೇಕಾಗದಿರಬಹುದು. ಅವರಿಗೆ ಕ್ಯಾನ್ವಾಸ್ ಮತ್ತು ಇಸ್ತ್ರಿಯ ಹಬೆಯಿಂದಲೇ ಪೆಪ್ಲಂಗೆ ಆಕಾರ ಕೊಡುತ್ತೇನೆ. ಎತ್ತರ ಕಡಿಮೆ ಇರುವವರಿಗೆ ಪೆಪ್ಲಂ ಒಂದೆರಡು ಇಂಚು ಮೋಟಾಗಬೇಕಾದೀತು. ಇವೆಲ್ಲವನ್ನೂ ಮೈಮೇಲೆ ಕೋರಾ ಬಟ್ಟೆ ಇಟ್ಟು ನೋಡಿದ ಮೇಲೆಯೇ ಹೇಳಲು ಸಾಧ್ಯ. ಆದ್ದರಿಂದ ಮೊದಲ ಟ್ರಯಲ್‌ಗೆ ಬರುವಾಗ ಆ ದಿನ ತೊಡಲಿರುವ ಒಳಉಡುಪನ್ನೂ ಚಪ್ಪಲಿಯನ್ನೂ ತಪ್ಪದೆ ತನ್ನಿ, ಮತ್ತು ಊಟ ಮಾಡಿಕೊಂಡು ಬನ್ನಿ.