ಡಾಕ್ಟರಿಗೆ ಹೇಳದ ಲೋಟ

ಶ್ರಾವಣದ ಒಂದು ಸೋಮವಾರ. ದಾವಣಗೆರೆಯ ನಮ್ಮ ಮನೆ. ಸಂಜೆ ನಾಲ್ಕರ ಹೊತ್ತಿಗೆ ದೊಡ್ಡವ್ವ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ, ತೀರಿಹೋದ ಅವಳ ಅಣ್ಣನ ಹೆಸರು ಹಿಡಿದು ಕರೆದಳು. ನನಗೆ ಮೊದಲು ನಗು ಬಂತು. ವಯಸ್ಸು 76, ಹೆಸರು ಅದಲುಬದಲಾಗುವುದು ಹೊಸದೇನಲ್ಲ. ಎಬ್ಬಿಸೋಣ ಅಂತ ಬೆನ್ನಿಗೆ ಕೈ ಕೊಟ್ಟೆ ನೋಡಿ, ರವಿಕೆ, ಸೀರೆ ಎಲ್ಲ ಬೆವರಿಗೆ ನೆನೆದು ತೊಪ್ಪೆ. ಮಾತು ತೊದಲುತ್ತಿತ್ತು. ಲಕ್ವ ಹೊಡೆಯಿತು ಅಂತಲೇ ಎಲ್ಲರೂ ಗಾಬರಿಯಾದೆವು. ಎದುರು ಮನೆಯವರು ಶುಗರ್ ನೋಡುವ ಮಷೀನು ತಂದು ಬೆರಳಿಗೆ ಚುಚ್ಚಿದರು.

46.

ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ 300 ಅಂದರೆ ಎಲ್ಲರಿಗೂ ಭಯ. 46 ಅಂದರೆ ಯಾರಿಗೂ ತಕ್ಷಣ ಏನೂ ಅನ್ನಿಸುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಹೆಚ್ಚು ಅಪಾಯದ ಸಂಖ್ಯೆ ಈ 46. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಅದು ಲೋ ಶುಗರ್. 54ಕ್ಕಿಂತ ಕೆಳಗಿಳಿದರೆ ಮಿದುಳು ಹಸಿವಿನಿಂದ ಒದ್ದಾಡತೊಡಗುತ್ತದೆ, ಅದಕ್ಕೇ ಮಾತು ತಪ್ಪುವುದು, ಗುರುತು ತಪ್ಪುವುದು. ಪುಣ್ಯಕ್ಕೆ ಅವಳಿಗೆ ನುಂಗುವಷ್ಟು ಎಚ್ಚರವಿತ್ತು. ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿದೆವು. (ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಶ್ವಾಸಕೋಶಕ್ಕೆ ಹೋಗುತ್ತದೆ. ಸೀದಾ ಆಸ್ಪತ್ರೆಗೆ ಒಯ್ಯಬೇಕು.) ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದರೆ 78. ದೊಡ್ಡವ್ವ ಸುತ್ತ ನೋಡಿ, "ಯಾಕ್ರೋ ಎಲ್ಲ ಹಿಂಗೆ ನಿಂತೀರಿ?" ಅಂದಳು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಮಾತ್ರೆ ಚೀಟಿ ನೋಡಿದರು. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್, ಬಿಪಿಗೆ ಒಂದು. "ಬೇರೆ ಔಷಧಿ ಏನಾದರೂ ತಗೊಳ್ತೀರಾ ಅಜ್ಜಿ?" "ಇಲ್ಲಪ್ಪಾ, ಇಷ್ಟೇ."

ಅವಳು ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ಅದು ಔಷಧಿ ಅಲ್ಲ, ಅಡುಗೆಮನೆ ಸಾಮಾನು. ರಾತ್ರಿ ಮನೆಗೆ ಬಂದು ಒಳಗಿನ ಗೂಡು ನೋಡಿದೆ. ನೆನೆಹಾಕಿದ ಮೆಂತ್ಯದ ಬಟ್ಟಲು. ಹಾಗಲಕಾಯಿ ಜ್ಯೂಸು ಸೋಸಿದ ಜಾಲರಿ. ಮಧುನಾಶಿನಿ ಪುಡಿಯ ಡಬ್ಬಿ. ಒಣಗಿದ ತಂಗಡಿ ಹೂವಿನ ಪೊಟ್ಟಣ. ಜೊತೆಗೊಂದು ಹೊನ್ನೆ ಮರದ ಲೋಟ. ಸಣ್ಣ ಅಂಗಡಿಯೇ ಸರಿ.

ಮಾರನೇ ದಿನ ಕೇಳಿದ್ದಕ್ಕೆ ಸಿಕ್ಕಿದ ಉತ್ತರ ನೀವೂ ಕೇಳಿರುತ್ತೀರಿ. "ಗಿಡಮೂಲಿಕೆ ಕಣೋ ತಮ್ಮಾ, ಇದ್ರಾಗೆ ಎಲ್ಲಿ ಸೈಡ್ ಎಫೆಕ್ಟು?"

ಈ ಮಾತಿನ ಜೊತೆ ನನ್ನ ಜಗಳ ಬೇರೆ ಥರದ್ದು. ಗಿಡಮೂಲಿಕೆ ಎಲ್ಲ ಬೂಟಾಟಿಕೆ ಅನ್ನುವವನು ನಾನಲ್ಲ. ಅದರಲ್ಲಿ ಶಕ್ತಿ ಇದೆ ಅನ್ನುವುದಾದರೆ ಸಕ್ಕರೆ ಇಳಿಸುವ ಶಕ್ತಿಯೇ ತಾನೇ? ಇಳಿಸುವಂಥದ್ದು ಜಾಸ್ತಿಯೂ ಇಳಿಸಬಹುದು. ಒಳ್ಳೆಯದನ್ನು ಮಾತ್ರ ಮಾಡಿ ಸುಮ್ಮನಾಗುವ ವಸ್ತು ಜಗತ್ತಿನಲ್ಲಿ ಇಲ್ಲ. ಉಪ್ಪೂ ಹಾಗಲ್ಲ, ನೀರೂ ಹಾಗಲ್ಲ.

ಮೆಂತ್ಯದಿಂದಲೇ ಶುರು ಮಾಡೋಣ, ಇವುಗಳಲ್ಲಿ ಅದರ ಮೇಲೆ ನನಗೆ ಗೌರವ ಜಾಸ್ತಿ. ರಾತ್ರಿ ನೆನೆಹಾಕಿದ ಮೆಂತ್ಯವನ್ನು ಬೆಳಗ್ಗೆ ಬೆರಳಲ್ಲಿ ಹಿಸುಕಿ ನೋಡಿ. ಲೋಳೆ ಲೋಳೆಯಾಗಿ ಜಾರುತ್ತದೆ. ಆ ಲೋಳೆ ಗ್ಯಾಲಕ್ಟೊಮನ್ನಾನ್ ಎಂಬ ನಾರು. ಹೊಟ್ಟೆಗೆ ಹೋದ ಮೇಲೂ ಅದು ಹಾಗೇ ಅಂಟಂಟಾಗಿ ಹರಡಿಕೊಂಡು, ಅನ್ನ ರೊಟ್ಟಿಯ ಪಿಷ್ಟ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಇಳಿಯುವುದನ್ನು ನಿಧಾನ ಮಾಡುತ್ತದೆ. ಊಟವಾದ ಮೇಲೆ ಸಕ್ಕರೆ ಒಮ್ಮೆಲೇ ಜಿಗಿಯುವ ಬದಲು ಮೆಲ್ಲಗೆ ಏರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದನ್ನು ದಶಕಗಳ ಹಿಂದೆಯೇ ರೋಗಿಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಆದರೆ ಅವರು ಕೊಟ್ಟ ಪ್ರಮಾಣ ದಿನಕ್ಕೆ 25 ಗ್ರಾಂ, ಕೆಲವು ಪ್ರಯೋಗಗಳಲ್ಲಿ 100 ಗ್ರಾಂ. ನಾವು ನೆನೆಹಾಕುವ ಒಂದು ಚಮಚ ನಾಲ್ಕೈದು ಗ್ರಾಂ ಇದ್ದೀತು. ದೊಡ್ಡವ್ವ ಅದರ ನೀರು ಮಾತ್ರ ಕುಡಿದು, ಕಾಳನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದಳು! ನಾರಿನ ಬಹುಪಾಲು ಆ ಕಾಳಿನಲ್ಲೇ ಉಳಿದಿರುತ್ತದೆ. ಲಾಭ ಏನಾದರೂ ಆಗಿದ್ದರೆ ಕರಿಬೇವಿಗೆ. ಇನ್ನೊಂದು ವಿಷಯ, ಸಕ್ಕರೆಯನ್ನು ತಡೆದು ನಿಲ್ಲಿಸುವ ಲೋಳೆ ಮಾತ್ರೆಯನ್ನೂ ತಡೆಯಬಹುದು. ಎರಡರ ಮಧ್ಯೆ ಒಂದೆರಡು ಗಂಟೆ ಬಿಡುವು ಇದ್ದರೆ ಒಳ್ಳೆಯದು.

ಮಧುನಾಶಿನಿಯದು ಬೇರೆ ಆಟ. ಅದರ ಹಸಿ ಎಲೆ ಸಿಕ್ಕರೆ ಒಂದನ್ನು ಚೆನ್ನಾಗಿ ಅಗಿದು ಉಗಿಯಿರಿ, ಆಮೇಲೆ ನಾಲಿಗೆಗೆ ಒಂದು ಚಿಟಿಕೆ ಸಕ್ಕರೆ ಹಾಕಿಕೊಳ್ಳಿ. ಮರಳು! ನಿಜವಾಗಿ ಮರಳು ಅಗಿದ ಹಾಗೆ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಸಿಹಿ ಗುರುತಿಸುವ ಜಾಗಗಳಿಗೆ ಹೋಗಿ ಅಂಟಿಕೊಳ್ಳುತ್ತವೆ. ಅರ್ಧ ಗಂಟೆಯೋ ಒಂದು ಗಂಟೆಯೋ ಸಿಹಿಗೆ ಬೀಗ. ಉಪ್ಪು, ಹುಳಿ, ಖಾರ ಮಾತ್ರ ಎಂದಿನಂತೆ. ನಾಲಿಗೆಯ ಈ ಚಮತ್ಕಾರ ನೋಡಿದವರಿಗೆ ರಕ್ತದಲ್ಲೂ ಹೀಗೇ ಸಕ್ಕರೆ ಮಾಯವಾಗುತ್ತದೆ ಅನ್ನಿಸುವುದು ಸಹಜ. ಅದು ಅಷ್ಟು ಸುಲಭದ ಲೆಕ್ಕವಲ್ಲ. 1990ರಲ್ಲಿ ಮದರಾಸಿನ ಸಂಶೋಧಕರು ಮಾತ್ರೆ ತೆಗೆದುಕೊಳ್ಳುತ್ತಿದ್ದ 22 ಜನರಿಗೆ ಈ ಎಲೆಯ ಸಾರವನ್ನೂ ಒಂದೂವರೆ ವರ್ಷ ಕೊಟ್ಟರು. ಸಕ್ಕರೆ ಇಳಿಯಿತು, ಐದು ಜನರಿಗೆ ಮಾತ್ರೆ ನಿಲ್ಲಿಸುವ ಹಾಗೂ ಆಯಿತು. ಕೇಳಲು ಖುಷಿಯ ಸುದ್ದಿಯೇ. ಆದರೆ 22 ಜನ ಅಂದರೆ ನಮ್ಮ ಬೀದಿಯ ಜನ. ಅಷ್ಟರಲ್ಲಿ ಊರಿಗೆಲ್ಲ ಡಂಗುರ ಹೊಡೆಯಲು ಆಗುವುದಿಲ್ಲ. ಜೊತೆಗೆ ಇದನ್ನೂ ನೋಡಿ: ಮಾತ್ರೆ ಕಡಿಮೆ ಮಾಡಬೇಕಾಗಿ ಬಂತು ಅಂದರೆ, ಎರಡೂ ಸೇರಿದಾಗ ಸಕ್ಕರೆ ಸಾಕಷ್ಟು ಕೆಳಗೆ ಹೋಗುತ್ತಿತ್ತು ಅಂತಲೇ ಅರ್ಥ. ಅಲ್ಲಿ ವೈದ್ಯರು ನೋಡುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಯಾರು ನೋಡುತ್ತಿದ್ದರು?

ಹಾಗಲಕಾಯಿ ಬಗ್ಗೆ ನಾಡಿನಲ್ಲಿ ಇರುವಷ್ಟು ನಂಬಿಕೆ ಪ್ರಯೋಗಗಳಲ್ಲಿ ಕಂಡಿಲ್ಲ. ಜಗತ್ತಿನ ಪ್ರಯೋಗಗಳನ್ನೆಲ್ಲ ಗುಡ್ಡೆ ಹಾಕಿ ತೂಗುವ ಕಾಕ್ರೇನ್ ಸಂಸ್ಥೆ 2012ರಲ್ಲಿ ಅದನ್ನು ತೂಗಿ, ಸಕ್ಕರೆ ಕಾಯಿಲೆಗೆ ಶಿಫಾರಸು ಮಾಡುವಷ್ಟು ಪುರಾವೆ ಇಲ್ಲ ಎಂದಿತು. ತೊಂದರೆ ಏನೆಂದರೆ ಒಂದು ಹಾಗಲಕಾಯಿ ಇನ್ನೊಂದರ ಹಾಗಿರುವುದಿಲ್ಲ. ತಳಿ ಬೇರೆ, ಮಣ್ಣು ಬೇರೆ, ಎಳೆಯದು ಬೇರೆ, ಬಲಿತದ್ದು ಬೇರೆ. 1 ಮಿಲಿಗ್ರಾಂ ಮಾತ್ರೆಯಲ್ಲಿ ದಿನವೂ 1 ಮಿಲಿಗ್ರಾಂ ಇರುತ್ತದೆ. ಸಂತೆಯ ಹಾಗಲಕಾಯಿಗೆ ಆ ನಿಯಮ ಇಲ್ಲ.

ಹೊನ್ನೆ ಲೋಟದ ಕತೆ ಚೆನ್ನಾಗಿದೆ. ರಾತ್ರಿ ನೀರು ತುಂಬಿಟ್ಟರೆ ಬೆಳಗಾಗುವಷ್ಟರಲ್ಲಿ ಚಹಾ ಬಣ್ಣ. ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ತೆಳ್ಳಗೆ ನೀಲಿ ಮಿನುಗುತ್ತದೆ. ಈ ಮರದ ಮೇಲೆ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಖುದ್ದು ಪ್ರಯೋಗ ಮಾಡಿದೆ. 1998ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 97 ರೋಗಿಗಳ ಪೈಕಿ 67 ಜನರ ಸಕ್ಕರೆ 12 ವಾರದಲ್ಲಿ ಹತೋಟಿಗೆ ಬಂತು. ಆದರೆ ಅವರಿಗೆ ಕೊಟ್ಟದ್ದು ದಿನಕ್ಕೆ 2ರಿಂದ 4 ಗ್ರಾಂ ಸಾರ, ಲೋಟದ ನೀರಲ್ಲ. ಅವರು ಹೊಸದಾಗಿ ಕಾಯಿಲೆ ಬಂದವರು ಅಥವಾ ಆವರೆಗೆ ಔಷಧಿ ತೆಗೆದುಕೊಳ್ಳದಿದ್ದವರು. ನಮ್ಮ ದೊಡ್ಡವ್ವನ ಹಾಗೆ ಎರಡೆರಡು ಮಾತ್ರೆಯ ಮೇಲೆ ಇದ್ದವರಲ್ಲ. ಆ ಮರದ ಬಗ್ಗೆ ಇನ್ನೂ ದೊಡ್ಡ ಪ್ರಯೋಗಗಳು ಆಗಬೇಕು ಅನ್ನುವುದು ನನ್ನ ಆಸೆ. ಲೋಟವಂತೂ ನಾಲ್ಕೈದು ತಿಂಗಳಿಗೆ ಬಣ್ಣ ಬಿಡುವುದನ್ನೇ ನಿಲ್ಲಿಸಿತ್ತು. ದೊಡ್ಡವ್ವ ಕುಡಿಯುವುದನ್ನು ನಿಲ್ಲಿಸಿರಲಿಲ್ಲ.

ತಂಗಡಿ ಹೂವು ನಮ್ಮ ಸೀಮೆಯದು. ದಾವಣಗೆರೆ ಬಿಟ್ಟು ದುರ್ಗದ ಕಡೆ ಹೊರಟರೆ ರಸ್ತೆ ಪಕ್ಕದ ಕುರುಚಲಿನಲ್ಲಿ ಹಳದಿ ಹಳದಿಯಾಗಿ ಕಾಣುತ್ತದಲ್ಲ, ಅದೇ. ಅದರ ಕಷಾಯದ ಬಗ್ಗೆ ಇಲಿಗಳ ಮೇಲಿನ ಪ್ರಯೋಗಗಳೇ ಜಾಸ್ತಿ. ಇಲಿಗೆ ಬಿಪಿ ಮಾತ್ರೆ ಇಲ್ಲ, ಒಪ್ಪತ್ತೂ ಇಲ್ಲ.

ಒಪ್ಪತ್ತು ಅಂದೆನಲ್ಲ, ಆ ಸೋಮವಾರದ ಗುಟ್ಟು ಅಲ್ಲಿದೆ. ಗ್ಲಿಮಿಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಒತ್ತಾಯ ಮಾಡಿ ಇನ್ಸುಲಿನ್ ಬಿಡಿಸುತ್ತದೆ. ಊಟ ಬಂತೋ ಇಲ್ಲವೋ ಅದು ಕೇಳುವುದಿಲ್ಲ. ದೊಡ್ಡವ್ವ ಬೆಳಗ್ಗೆ ಮಾತ್ರೆ ನುಂಗಿದ್ದಳು, ಹಾಗಲ ಜ್ಯೂಸು ಕುಡಿದಿದ್ದಳು, ಮಧುನಾಶಿನಿ ಪುಡಿ ತಿಂದಿದ್ದಳು. ಊಟ ಮಾತ್ರ ರಾತ್ರಿ ಪೂಜೆಯ ನಂತರ. ತಪ್ಪೆಲ್ಲ ಗಿಡಮೂಲಿಕೆಯದೇ ಅಂತ ನಾನು ಹೇಳಲಾರೆ, ದೊಡ್ಡ ಪಾಲು ಖಾಲಿ ಹೊಟ್ಟೆಯ ಮೇಲಿನ ಮಾತ್ರೆಯದು. ಆದರೆ ತಕ್ಕಡಿಯ ಒಂದೇ ತಟ್ಟೆಗೆ ನಾಲ್ಕು ಕಡೆಯಿಂದ ಕಲ್ಲು ಹಾಕಿದರೆ ಯಾವ ಕಲ್ಲಿನಿಂದ ಬಾಗಿತು ಅಂತ ಹೇಗೆ ಹೇಳುವುದು?

ವಯಸ್ಸು ಇದಕ್ಕೆ ಇನ್ನೂ ಎರಡು ಕಲ್ಲು ಸೇರಿಸುತ್ತದೆ. ಮೊದಲನೆಯದು ಕಿಡ್ನಿ. ಎಪ್ಪತ್ತು ದಾಟಿದವರ ಕಿಡ್ನಿ ಸೋಸುವ ಕೆಲಸದಲ್ಲಿ ನಿಧಾನ, ಹಾಗಾಗಿ ಈ ಜಾತಿಯ ಮಾತ್ರೆಗಳ ಪ್ರಭಾವ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಸಕ್ಕರೆ ನೀರು ಕುಡಿಸಿ ಸರಿಹೋಯಿತು ಅಂದುಕೊಂಡ ಮೇಲೂ ಮತ್ತೆ ಇಳಿಯಬಹುದು, ಅದಕ್ಕೇ ಅವಳನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಎರಡನೆಯದು, ಎಚ್ಚರಿಕೆ ಗಂಟೆ. ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ದೇಹ ಹೊಡೆಯುವ ಗಂಟೆ. ಬೀಟಾ ಬ್ಲಾಕರ್ ಎಂಬ ಗುಂಪಿನ ಬಿಪಿ ಮಾತ್ರೆಗಳು ಈ ಗಂಟೆಗೇ ಬಟ್ಟೆ ಸುತ್ತುತ್ತವೆ. ಬೆವರು ಮಾತ್ರ ಬರುತ್ತದೆ. ವಯಸ್ಸಾದವರು ಬೆವರಿ, ಮಂಕಾಗಿ ಕೂತರೆ ನಾವು "ಸೆಕೆ" ಅನ್ನುತ್ತೇವೆ, "ಅರಳುಮರಳು" ಅನ್ನುತ್ತೇವೆ.

ಇದೇ ಕಾರಣಕ್ಕೆ ವಯಸ್ಸಾದವರಿಗೆ ಗುರಿಯೂ ಸಡಿಲ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಹರೆಯದವರಿಗೆ 7ಕ್ಕಿಂತ ಕೆಳಗಿರಲಿ ಅನ್ನುವ ವೈದ್ಯರು, ಹತ್ತಾರು ಕಾಯಿಲೆ ಇರುವ ಹಿರಿಯರಿಗೆ 8ರ ಒಳಗಿದ್ದರೆ ಸಾಕು ಅನ್ನುತ್ತಾರೆ. ಕಟ್ಟೆ ಮೇಲೆ ನಡೆಯುವ ಪೈಪೋಟಿಯಲ್ಲಿ ಇದೆಲ್ಲ ಲೆಕ್ಕಕ್ಕಿಲ್ಲ. "ನಂದು ಖಾಲಿ ಹೊಟ್ಟೆಗೆ 92!" ಅಂತ ಒಬ್ಬರು ಅಂದರೆ ಇನ್ನೊಬ್ಬರಿಗೆ ಅಂದು ರಾತ್ರಿ ಒಂದು ಚಮಚ ಪುಡಿ ಜಾಸ್ತಿ. ಹಾಗೆ ಮಾತಾಡುವಾಗ ಮಧ್ಯೆ ಖಾರ ಮಂಡಕ್ಕಿ, ಮೆಣಸಿನಕಾಯಿ ಇದ್ದೇ ಇರುತ್ತದೆ, ದಾವಣಗೆರೆ ಅಲ್ವಾ! ಮಂಡಕ್ಕಿ ಕೈಗೆ ಹಗುರ, ಸಕ್ಕರೆಗೆ ಭಾರ. ಭಟ್ಟಿಯ ಕಾವಿಗೆ ಅಕ್ಕಿಯ ಪಿಷ್ಟ ಅರಳಿ ಬಿಚ್ಚಿಕೊಂಡಿರುತ್ತದೆ, ಹೊಟ್ಟೆಗೆ ಬಿದ್ದದ್ದೇ ತಡ ಸಕ್ಕರೆಯಾಗುತ್ತದೆ.

ಗಿಡದಿಂದ ಔಷಧಿ ಬರುವುದಿಲ್ಲವೇ ಅಂತ ಕೇಳಿದರೆ, ಬರುತ್ತದೆ. ದೊಡ್ಡವ್ವ ನುಂಗುವ ಮೆಟ್‌ಫಾರ್ಮಿನ್‌ನ ಮೂಲವೇ ಒಂದು ಗಿಡ. ಗಲೇಗಾ ಎಂಬ ಆ ಗಿಡ ಯುರೋಪಿನ ಹಳ್ಳಿಮದ್ದು, ಜಾಸ್ತಿ ಮೇಯ್ದ ಕುರಿಗಳು ಸಾಯುತ್ತಿದ್ದವು. ಅದರೊಳಗಿನ ಸಕ್ಕರೆ ಇಳಿಸುವ ವಸ್ತುವಿನ ಸುಳಿವು ಹಿಡಿದು ರಸಾಯನ ವಿಜ್ಞಾನಿಗಳು ಅದಕ್ಕಿಂತ ಸೌಮ್ಯವಾದ ನೆಂಟರನ್ನು ತಯಾರಿಸಿದರು. 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟರ್ನ್ ಎಂಬ ವೈದ್ಯರು ಮೆಟ್‌ಫಾರ್ಮಿನ್ ಅನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ನಮ್ಮ ಹೊನ್ನೆಗೆ, ಮಧುನಾಶಿನಿಗೆ ಇನ್ನೂ ಆಗದಿರುವುದು ಈ ಸೋಸುವ, ತೂಗುವ ಕೆಲಸ.

ಹಳೆಯ ಆಯುರ್ವೇದವೂ ಪುಡಿ ಡಬ್ಬಿಯ ಆಯುರ್ವೇದ ಆಗಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಪ್ರಮೇಹ, ಅಂದರೆ ಸಕ್ಕರೆ ಕಾಯಿಲೆಯಂಥ ರೋಗ, ಬಂದ ಬಡವನಿಗೆ ಹೇಳಿದ ಚಿಕಿತ್ಸೆ ಓದಿ ನಾನು ಬೆರಗಾದೆ. ಚಪ್ಪಲಿ, ಕೊಡೆ ಇಲ್ಲದೆ, ಊರಿಗೆ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆ, ಇಲ್ಲವೇ ಬಾವಿ ತೋಡು! ಯೋಜನಕ್ಕೆ ಎಂಟು ಮೈಲಿ ಅಂತ ಹಿಡಿದರೆ 800 ಮೈಲಿ. ದಾವಣಗೆರೆಯಿಂದ ಬೆಂಗಳೂರಿಗೆ ಎರಡು ಸಲ ನಡೆದು ಹೋಗಿಬಂದರೂ ಮುಗಿಯದ ದಾರಿ. ಇದನ್ನು ಬಾಟಲಿಯಲ್ಲಿ ತುಂಬಿ ಮಾರಲು ಆಗುವುದಿಲ್ಲವಲ್ಲ, ಅದಕ್ಕೇ ಯಾರೂ ಜಾಹೀರಾತು ಕೊಡುವುದಿಲ್ಲ.

ಬಾಟಲಿ, ಡಬ್ಬಿಗಳ ಬಗ್ಗೆ ಒಂದು ಮಾತು. ಹೆಸರು, ಲೈಸೆನ್ಸ್ ನಂಬರು, ಬ್ಯಾಚು ಯಾವುದೂ ಇಲ್ಲದ ಪುಡಿಯಿಂದ ಎರಡೇ ದಿನದಲ್ಲಿ ಸಕ್ಕರೆ ಇಳಿದರೆ ಖುಷಿಪಡಬೇಡಿ, ಅನುಮಾನಪಡಿ. ಅದರಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿರಬಹುದು. 2008ರಲ್ಲಿ ಸಿಂಗಪುರದಲ್ಲಿ ಲೈಂಗಿಕ ಶಕ್ತಿಗೆಂದು ಕದ್ದು ಮಾರಿದ ಔಷಧಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ಬೆರೆತಿತ್ತು. ಸಕ್ಕರೆ ಕಾಯಿಲೆಯೇ ಇಲ್ಲದ 150 ಜನ ಲೋ ಶುಗರ್ ಆಗಿ ಆಸ್ಪತ್ರೆ ಸೇರಿದರು, ನಾಲ್ವರು ತೀರಿಕೊಂಡರು. ಅದೇ ವರ್ಷ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಅಂದಹಾಗೆ, ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರವೇ ಅಪರಾಧ. ಬಸ್‌ಸ್ಟ್ಯಾಂಡಿನ ಗೋಡೆಗಳಿಗೆ ಈ ವಿಷಯ ಇನ್ನೂ ಗೊತ್ತಾದ ಹಾಗಿಲ್ಲ.

ಹದಿನೈದು ದಿನ ಬಿಟ್ಟು ತೋರಿಸಲು ಹೋದಾಗ ನಾನು ಮಾತ್ರೆ ಚೀಟಿಯ ಜೊತೆಗೆ ಗೂಡಿನಲ್ಲಿದ್ದದ್ದನ್ನೆಲ್ಲ ಬ್ಯಾಗಿಗೆ ತುಂಬಿದೆ. ಡಾಕ್ಟರ ಮೇಜಿನ ಮೇಲೆ ಹೊನ್ನೆ ಲೋಟ, ಪುಡಿ ಡಬ್ಬಿ, ಹೂವಿನ ಪೊಟ್ಟಣ ಸಾಲಾಗಿ ನಿಂತವು. ದೊಡ್ಡವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಬೈಯಲಿಲ್ಲ. ಲೋಟ ಎತ್ತಿ ಮೂಸಿ ನೋಡಿ, "ನಮ್ಮ ಅಜ್ಜಿ ಹತ್ರಾನೂ ಒಂದಿತ್ತು" ಅಂದರು. ಗ್ಲಿಮಿಪಿರೈಡ್ ತೆಗೆದು ಬೇರೆ ಮಾತ್ರೆ ಬರೆದರು. ಪುಡಿ ನಿಲ್ಲಿಸಿ ಅಂದರು. ಮೆಂತ್ಯ ಇರಲಿ, ಕಾಳು ಸಮೇತ ತಿನ್ನಿ ಅಂದರು. ಒಪ್ಪತ್ತು ಮಾಡುವುದಿದ್ದರೆ ಮೊದಲೇ ಕೇಳಿ, ಆ ದಿನದ ಮಾತ್ರೆ ಲೆಕ್ಕ ಬೇರೆ ಇರುತ್ತದೆ ಅಂದರು.

"ಹಾಗಲಕಾಯಿ?" ದೊಡ್ಡವ್ವ ಕೇಳಿದಳು.

"ಜ್ಯೂಸ್ ಬೇಡಮ್ಮಾ, ಪಲ್ಯ ಮಾಡ್ಕೊಂಡು ತಿನ್ನಿ."

ದೊಡ್ಡವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಬೆಲ್ಲ ಹಾಕ್ದಿದ್ರೆ ಅದನ್ನ ಯಾರ್ ತಿಂತಾರಪ್ಪಾ?"